690 ಕೆಜಿ ಝೆನ್‌ಗೆ ಯಾವ ಟೈರ್?

ನನ್ನ ಹಳೇ ಮಾರುತಿ ಝೆನ್ ಕಾರು ಈಗ 690 ಕೆಜಿ. ಹಿಂದಿನ ಸೀಟು, ಎಸಿ, ಕಾರ್ಪೆಟ್ ಎಲ್ಲ ತೆಗೆದ ಮೇಲೆ ಉದ್ಯಮಬಾಗದ ಕಾಟಾದ ಮೇಲೆ ನಿಲ್ಲಿಸಿ ತೂಗಿಸಿದ್ದು. ಮುಂದಿನ ಎರಡು ಗಾಲಿ ಮಾತ್ರ ಕಾಟಾದ ಮೇಲೆ ಇಟ್ಟಾಗ 430 ಬಂತು. ಟ್ರ್ಯಾಕ್‌ಗೆ ಟೈರ್ ಕೊಳ್ಳುವ ಮುಂಚೆ ಈ ಎರಡು ಅಂಕಿ ಬರೆದಿಟ್ಟುಕೊಳ್ಳಿ ಅಂತ ಎಲ್ಲರಿಗೂ ಹೇಳುತ್ತೇನೆ. ನಾನು ತೂಗಿಸಿದ್ದು ಎರಡು ಸೆಟ್ ಹಾಳಾದ ಮೇಲೆ.

ನಾನು ಓಡಿಸುವುದು ಚೆನ್ನೈ ಹತ್ತಿರದ ಇರುಂಗಾಟುಕೋಟೈ ರೇಸ್ ಟ್ರ್ಯಾಕ್‌ನಲ್ಲಿ, ಒಂದು ಸುತ್ತು ಸುಮಾರು 3.7 ಕಿ.ಮೀ. ಬೆಳಗಾವಿಯಿಂದ ಅಲ್ಲಿಗೆ ಹತ್ತಿರ ಹತ್ತಿರ 850 ಕಿ.ಮೀ. ವರ್ಷಕ್ಕೆ ಎರಡು ಸಲ ಹೋಗುವುದೇ ದೊಡ್ಡದು. ಅಷ್ಟು ದೂರ ಹೋಗಿ, ಮಧ್ಯಾಹ್ನದ ಊಟದ ಹೊತ್ತಿಗೆ ಟೈರ್ ಮುಗಿದು ಹೋದರೆ ಹೊಟ್ಟೆ ಉರಿಯುತ್ತದೆ ಅಲ್ವಾ? ಅದಕ್ಕೇ ನನಗೆ ಗ್ರಿಪ್ಪೂ ಬೇಕು, ಬಾಳಿಕೆಯೂ ಬೇಕು.

ಮೊದಲ ಸೆಟ್ ಸೆಕೆಂಡ್ ಹ್ಯಾಂಡ್ ಸೆಮಿ ಸ್ಲಿಕ್, ಅಂದರೆ ಗೆರೆ ಕಡಿಮೆ ಇರುವ ಟ್ರ್ಯಾಕ್ ಟೈರ್. ನನ್ನದಕ್ಕಿಂತ ತುಂಬಾ ಭಾರದ ಕಾರಿನಿಂದ ಇಳಿಸಿದ್ದು. ಬಟನ್ (ನೆಲಕ್ಕೆ ತಾಗುವ ರಬ್ಬರ್ ಗುಬಟು) ಬೇಕಾದಷ್ಟು ಇತ್ತು, ನೋಡಲು ಚೆನ್ನಾಗಿತ್ತು. ಟ್ರ್ಯಾಕ್‌ನಲ್ಲಿ ಮೂರು ಸುತ್ತು, ನಾಲ್ಕು ಸುತ್ತು ಹೋದರೂ ಕಾರು ಜಾರುತ್ತಲೇ ಇತ್ತು. ಊರಿಗೆ ಬಂದ ಮೇಲೆ, ರಬ್ಬರ್ ಸೀಲ್ ಮಾಡುವ ವರ್ಕ್‌ಶಾಪ್‌ನಲ್ಲಿರುವ ಗೆಳೆಯ ಶೋರ್ ಮೀಟರ್ (ರಬ್ಬರ್ ಎಷ್ಟು ಗಟ್ಟಿ ಅಂತ ಅಳೆಯುವುದು, ಅಂಕಿ ಹೆಚ್ಚಿದಷ್ಟು ಗಟ್ಟಿ) ಇಟ್ಟು ನೋಡಿದ. 78 ಬಂತು. ದಿನಬಳಕೆಯ ಕಾರಿನ ಟೈರೇ ಸಾಮಾನ್ಯವಾಗಿ 60ರಿಂದ 70ರ ಒಳಗೆ ಇರುತ್ತದೆ! ರಬ್ಬರ್ ಪ್ರತಿ ಸಲ ಚೆನ್ನಾಗಿ ಕಾದು ಆರಿದಾಗ ಸ್ವಲ್ಪ ಸ್ವಲ್ಪ ಗಟ್ಟಿಯಾಗುತ್ತಾ ಹೋಗುತ್ತದೆ. ಬಟನ್ ಉಳಿದಿದ್ದರೂ ರಬ್ಬರ್ ಸತ್ತಿರುತ್ತದೆ. ಅದರ ಮೇಲೆ ಇನ್ನೊಂದು ತೊಂದರೆ, ಇಂಥ ಟೈರ್ ಬಿಸಿಯಾದಾಗಲೇ ಹಿಡಿಯುವುದು, ಬಿಸಿಯಾಗಬೇಕಾದರೆ ಮೇಲೆ ಭಾರ ಬೇಕು, ನನ್ನ ಮುಂದಿನ ಒಂದು ಗಾಲಿಯ ಮೇಲೆ ನಿಂತಾಗ ಇರುವುದು 215 ಕೆಜಿ.

ಎರಡನೇ ಸಲ ತದ್ವಿರುದ್ಧ ಮಾಡಿದೆ. ಹೊಸ ಸಾದಾ ಟೈರ್, ಅಂಗಡಿಯವರು 'ಲಕ್ಷ ಕಿಲೋಮೀಟರ್ ಓಡುತ್ತೆ' ಅಂದ ಜಾತಿಯದು. ಐದನೇ ಸುತ್ತಿಗೆ ಸ್ಟೀರಿಂಗ್ ಬೆಣ್ಣೆಯಂತಾಯಿತು. ಇಳಿದು ನೋಡಿದರೆ ಎಡ ಮುಂದಿನ ಟೈರಿನ ಹೊರ ಅಂಚಿನಲ್ಲಿ ರಬ್ಬರ್ ತುಂಡು ತುಂಡಾಗಿ ಕಿತ್ತು ಬಂದಿತ್ತು. ಅಲ್ಲಿ ಸುತ್ತುವುದು ಗಡಿಯಾರದ ದಿಕ್ಕಿನಲ್ಲಿ, ಬಲ ತಿರುವುಗಳು ಜಾಸ್ತಿ, ಹಾಗಾಗಿ ಭಾರವೆಲ್ಲ ಎಡಗಡೆಗೆ ಬೀಳುತ್ತದೆ. ಹೊಸ ಟೈರಿನ ಬಟನ್ 8 ಮಿ.ಮೀ. ಎತ್ತರ ಇತ್ತು. ತಿರುವಿನಲ್ಲಿ ಆ ಎತ್ತರದ ಗುಬಟುಗಳು ಅತ್ತಿತ್ತ ಬಾಗುತ್ತವೆ, ಬಾಗಿ ಬಾಗಿ ಕಾಯುತ್ತವೆ, ಆಮೇಲೆ ಹರಿಯುತ್ತವೆ. ಸಾದಾ ಟೈರ್‌ನಲ್ಲೇ ಟ್ರ್ಯಾಕ್‌ಗೆ ಹೋಗುವವರು ಅದನ್ನು ಮೊದಲು ಊರಲ್ಲಿ ಅರ್ಧ ಸವೆಸಿ, ಆಮೇಲೆ ಒಣ ಟ್ರ್ಯಾಕ್‌ಗೆ ತಗೊಂಡು ಹೋಗಿ. ನಾಲ್ಕು ಮಿ.ಮೀ. ಬಟನ್ ಇರುವ ಟೈರ್ ಹೊಸದಕ್ಕಿಂತ ಚೆನ್ನಾಗಿ ತಡೆಯುತ್ತದೆ. ಮಳೆಗಾಲದಲ್ಲಿ ಮಾತ್ರ ಇದು ಬೇಡ, ನೀರು ಹೊರಹಾಕಲು ಆಳ ಬೇಕೇ ಬೇಕು.

ಆ ಹರಿದ ಟೈರ್ ತಗೊಂಡು ನಮ್ಮ ಅಲೈನ್‌ಮೆಂಟ್ ಕಾಕಾ ಹತ್ತಿರ ಹೋದೆ. ಅಂಚಿನ ಮೇಲೆ ಕೈಯಾಡಿಸಿ, 'ಟೈರ್ ಏನ್ ತಪ್ಪು ಮಾಡೇತ್ರಿ? ಗಾಡಿ ಹೊರಗಿನ ಅಂಚಿನ ಮ್ಯಾಲ ಹೊಂಟೈತಿ. ಒಳಗಿಂದು ನೋಡ್ರಿ, ಹೊಸಾದ್ ಇದ್ದಂಗ ಐತಿ' ಅಂದರು.

ನಿಜ. ಒಳ ಅಂಚು ಮುಟ್ಟಿಯೇ ಇರಲಿಲ್ಲ. ಟೈರಿನ ಮೂರನೇ ಒಂದು ಭಾಗ ಮಾತ್ರ ದುಡಿಯುತ್ತಿತ್ತು, ದುಡ್ಡು ಕೊಟ್ಟಿದ್ದು ಪೂರ್ತಿ ಟೈರಿಗೆ. ಗಾಲಿಯ ಓರೆ ಬದಲಿಸುವ ಕ್ಯಾಂಬರ್ ಬೋಲ್ಟ್ ಹಾಕಿಸಿ ನೆಗೆಟಿವ್ ಒಂದೂವರೆ ಡಿಗ್ರಿ ಮಾಡಿಸಿದೆ, ಅಂದರೆ ಗಾಲಿಯ ಮೇಲ್ಭಾಗ ಒಳಕ್ಕೆ ವಾಲುವಂತೆ. ಆಮೇಲಿನ ಸಲ ಚುಚ್ಚಿ ನೋಡುವ ಥರ್ಮಾಮೀಟರ್ ತಗೊಂಡು ಹೋಗಿದ್ದೆ. ಟ್ರ್ಯಾಕ್‌ನಿಂದ ಹೊರಗೆ ಬಂದ ಕೂಡಲೇ ಎಡ ಮುಂದಿನ ಟೈರಿಗೆ ಮೂರು ಕಡೆ ಚುಚ್ಚಿದೆ. ಒಳಗೆ 88, ನಡುವೆ 83, ಹೊರಗೆ 84 ಡಿಗ್ರಿ. ಇಷ್ಟು ಸಮ ಬಂದರೆ ಟೈರ್ ಪೂರ್ತಿ ನೆಲಕ್ಕೆ ಕೂತಿದೆ ಅಂತ ಅರ್ಥ. ನಡುವೆ ಮಾತ್ರ ಜಾಸ್ತಿ ಬಿಸಿ ಇದ್ದರೆ ಗಾಳಿ ಜಾಸ್ತಿಯಾಗಿದೆ, ಎರಡೂ ಅಂಚು ಜಾಸ್ತಿ ಬಿಸಿ ಇದ್ದರೆ ಕಡಿಮೆಯಾಗಿದೆ. ಈಗ ನಾನು ಬೆಳಿಗ್ಗೆ ತಣ್ಣಗಿದ್ದಾಗ ಗಾಳಿ 24 ಪಿಎಸ್‌ಐ ಇಟ್ಟು ಹೋಗುತ್ತೇನೆ, ಬಿಸಿಯಾದಾಗ 29ಕ್ಕೆ ಬಂದು ನಿಲ್ಲುತ್ತದೆ. ಅದಕ್ಕಿಂತ ಮೇಲೆ ಹೋದರೆ ಎರಡು ಓಟಗಳ ನಡುವೆ ಗಾಳಿ ಇಳಿಸುತ್ತೇನೆ.

ಈಗ ಟೈರಿನ ಆಯ್ಕೆ. ಪಕ್ಕದ ಗೋಡೆಯ ಮೇಲೆ ಟ್ರೆಡ್‌ವೇರ್ ಅಂತ ಒಂದು ಅಂಕಿ ಇರುತ್ತದೆ. 100 ಅಂದರೆ ಮಾದರಿ ಟೈರ್, 200 ಅಂದರೆ ಅದರ ಎರಡರಷ್ಟು ಬಾಳಿಕೆ. ಟ್ರ್ಯಾಕ್ ಹುಚ್ಚು ಇರುವವರು ಜಗತ್ತಿನಾದ್ಯಂತ ಹುಡುಕುವುದು 200ರ ಆಸುಪಾಸಿನದು. ಹ್ಯಾಂಕುಕ್ ಆರ್‌ಎಸ್4, ಯೊಕೊಹಾಮಾ ನಿಯೋವಾ ಇವೆಲ್ಲ ಆ ಜಾತಿ. ಆದರೆ ಅಂಕಿ ಹಾಕುವುದು ಆಯಾ ಕಂಪನಿಯೇ, ಒಂದು ಕಂಪನಿಯ 200ನ್ನು ಇನ್ನೊಂದರ 200ಕ್ಕೆ ಹೋಲಿಸಿ ಪ್ರಯೋಜನ ಇಲ್ಲ. ಪಕ್ಕದಲ್ಲಿರುವ ಎ, ಎಎ ಅಕ್ಷರ ನೋಡಿ ಮರುಳಾಗಬೇಡಿ, ಅದು ಒದ್ದೆ ರಸ್ತೆಯಲ್ಲಿ ನೇರವಾಗಿ ಬ್ರೇಕ್ ಹಾಕಿದ್ದರ ಪರೀಕ್ಷೆ, ತಿರುವಿನ ಮಾತು ಅದರಲ್ಲಿಲ್ಲ. ನಮ್ಮಲ್ಲಿ ಮಾರುವ ಎಷ್ಟೋ ಟೈರ್‌ಗಳ ಮೇಲೆ ಈ ಅಂಕಿಯೇ ಇರುವುದಿಲ್ಲ. 2020ರ ಜೂನ್‌ನಲ್ಲಿ ಸರ್ಕಾರ ಟೈರ್ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು, ನನ್ನ 13 ಇಂಚಿನ ರಿಮ್‌ಗೆ ಹೊರಗಿನದು ಸಿಗುವುದು ಅಂದರೆ ಅದೃಷ್ಟವೇ.

ಅದಕ್ಕೆ ಶೋರ್ ಮೀಟರ್ ಜೇಬಲ್ಲಿ ಇಟ್ಟುಕೊಂಡೇ ಅಂಗಡಿ ಅಂಗಡಿ ತಿರುಗಿದೆ. ಒಂದು ಕಡೆ ಹೊಸದು ಅಂತ ತೋರಿಸಿದ ಟೈರಿನ ಮೇಲೆ ಮೂರು ವರ್ಷ ಹಿಂದಿನ ತಾರೀಖು. ನಾಲ್ಕು ಅಂಕಿ ನೋಡಿ, 3522 ಅಂದರೆ 2022ರ 35ನೇ ವಾರ ತಯಾರಾದದ್ದು. ಕೊನೆಗೆ ಸಿಕ್ಕಿದ್ದು 175/60 ಆರ್13, ಟ್ರೆಡ್‌ವೇರ್ 260, ಮೀಟರ್‌ನಲ್ಲಿ 61. ಭಾರದ ಕಾರಿಗೆ ಈ ಟೈರ್ ಸಾಧಾರಣ. ನನ್ನ ಕಾರು ಹಗುರವಾದರೂ ಇದು ಎರಡನೇ ಸುತ್ತಿಗೇ ಕಾದು ಹಿಡಿಯುತ್ತದೆ, ಕೊನೆಯವರೆಗೂ ಹಾಗೇ ಇರುತ್ತದೆ. 175ರ ಬದಲು 185 ಮಿ.ಮೀ. ಅಗಲದ್ದು ಹಾಕು ಅಂದವರಿದ್ದರು. ಬೇಡ ಅಂದೆ. ಅಗಲ ಜಾಸ್ತಿಯಾದರೆ ಭಾರ ಜಾಸ್ತಿ, ಬಿಸಿಯಾಗುವುದು ನಿಧಾನ, ಒಂದು ಲೀಟರ್ ಇಂಜಿನ್ ಅದನ್ನೂ ಎಳೆಯಬೇಕು.

ಈ ಸೆಟ್ ಟ್ರ್ಯಾಕ್‌ಗೆ ಮಾತ್ರ. ಹೆದ್ದಾರಿಯಲ್ಲಿ ಬೇರೆ ಟೈರ್ ಮೇಲೆ ಹೋಗಿ, ಅಲ್ಲಿ ಬದಲಾಯಿಸುತ್ತೇನೆ. ಮೂರು ಟ್ರ್ಯಾಕ್ ದಿನ ಆಗಿವೆ. ನಿನ್ನೆ ಅಳೆದೆ, ಎಡ ಮುಂದಿನದು ಒಳಗೆ 4.6, ಹೊರಗೆ 4.2 ಮಿ.ಮೀ. ಈ ವಾರ ಕಾಕಾ ಹತ್ತಿರ ಹೋಗಿ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿಸಬೇಕು.