ಶೇಕಡಾ ಹತ್ತರ ನಡುಕ

ಅಮ್ಮನ ಹಾಸಿಗೆ ಪಕ್ಕದ ವೈಫೈ ಎಲ್ಇಡಿ ದೀಪ ನಿನ್ನೆ ರಾತ್ರಿ ಕೊನೆಗೂ ನಡುಗುವುದನ್ನು ನಿಲ್ಲಿಸಿತು. ಹನ್ನೊಂದು ದಿನ ಹಿಡಿಯಿತು. ಬಿಚ್ಚಿದ್ದು, ಹೊಸ ತಂತ್ರಾಂಶ ಒಳಗೆ ಬಿಡಲೆಂದು ಅದರ ಇಎಸ್‌ಪಿ8266 ವೈಫೈ ಚಿಪ್ಪಿನ ಜಿಪಿಐಒ ಸೊನ್ನೆ ಎಂಬ ಕಾಲನ್ನು ಗ್ರೌಂಡಿಗೆ ಹಿಡಿದು, ದೀಪವನ್ನು ನಮ್ಮಿಷ್ಟದಂತೆ ನಡೆಸುವ ಇಎಸ್‌ಪಿಹೋಮ್ ಎಂಬ ತಂತ್ರಾಂಶ ತುಂಬಿದ್ದು ಎಲ್ಲ ಒಂದೇ ಸಂಜೆಯ ಕೆಲಸ.

ತೊಂದರೆಯೆಲ್ಲ ಮಂದ ಬೆಳಕಿನದು. ಪೂರ್ತಿ ಉರಿದರೆ ದೀಪ ಬಂಗಾರ. ನಡುರಾತ್ರಿ ಅಮ್ಮ ನೀರು ಕುಡಿಯಲು ಏಳುವಾಗ ಸಾಕಾಗುವ ಶೇಕಡಾ 10ಕ್ಕೆ ಇಳಿಸಿದೆನೋ, ಗಾಳಿಗಿಟ್ಟ ಹಣತೆ.

ಮೊದಲು ಪವರ್ ಸಪ್ಲೈಯನ್ನು ಬೈದೆ. ವಿದ್ಯುತ್ತಿನ ಏರಿಳಿತ ತಡೆಯುವ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ತರಲು ಡೊಂಬಿವಲಿಯಿಂದ ಲೋಕಲ್ ಹಿಡಿದು, ದಾದರಿನಲ್ಲಿ ಬದಲಿಸಿ, ಗ್ರಾಂಟ್ ರೋಡಿನಲ್ಲಿಳಿದು ಮುಂಬೈಯ ಇಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರಸ್ತೆಗೆ ಹೋದೆ. ಹೋದವನು ಸುಮ್ಮನಿರಬೇಕಲ್ಲ! ಮಳೆಗಾಲದಲ್ಲಿ ಹಪ್ಪಳದ ಡಬ್ಬಿಯ ತೇವ ಅಳೆಯಬೇಕೆಂದು ಬಿಎಂಇ280 ಸಂವೇದಕವನ್ನೂ ಕೇಳಿದೆ. ಅಂಗಡಿಯವನು ‘ಅಸಲಿ ಮಾಲು’ ಎಂದು ಕಟ್ಟಿಕೊಟ್ಟ. ಮನೆಯಲ್ಲಿ ಚಿಪ್ ಐಡಿ, ಅಂದರೆ ಚಿಪ್ ತಾನು ಯಾರೆಂದು ಹೇಳುವ ಸಂಖ್ಯೆ, ಓದಿದರೆ 0ಎಕ್ಸ್58, ಅಂದರೆ ಬಿಎಂಪಿ280. ತಾಪ, ಒತ್ತಡ ಹೇಳುತ್ತದೆ. ತೇವದ ಗಂಧವೇ ಅದಕ್ಕಿಲ್ಲ. ಹಪ್ಪಳ ಈಗಲೂ ಚರ್ಮದಂತಿದೆ. ಕೆಪಾಸಿಟರ್ ಹಾಕಿದ ಮೇಲೂ ದೀಪ ಮೊದಲಿನ ಹಾಗೆಯೇ ನಡುಗಿತು.

ಕೊನೆಗೆ ಹಾಲಿನ ಚೀಟಿಯ ಹಿಂದೆ ಲೆಕ್ಕ ಹಾಕಿದೆ. ಬೆಳಕಿನ ಏರಿಳಿತ ಕಣ್ಣಿಗೆ ಸಮನಾಗಿ ಕಾಣಲೆಂದು ಇಎಸ್‌ಪಿಹೋಮ್ ಮಾಡುವ ಗಾಮಾ ತಿದ್ದುಪಡಿ ನಾವು ಮುಟ್ಟದಿದ್ದರೆ 2.8 ಇರುತ್ತದೆ. 0.1ರ 2.8ನೇ ಘಾತ ಸುಮಾರು 0.0016. ಪಿಡಬ್ಲ್ಯುಎಂ, ಅಂದರೆ ದೀಪವನ್ನು ಬೇಗಬೇಗ ಹೊತ್ತಿಸಿ ಆರಿಸಿ ಬೆಳಕು ಇಳಿಸುವ ಉಪಾಯ, 1000 ಹರ್ಟ್ಸ್. ಒಂದು ಸುತ್ತಿಗೆ 1000 ಮೈಕ್ರೋಸೆಕೆಂಡ್, ಅದರಲ್ಲಿ ಎಲ್ಇಡಿ ಉರಿಯುವುದು 1.6 ಮಾತ್ರ. ಇಎಸ್‌ಪಿ8266 ಇದನ್ನು ಸಾಫ್ಟ್‌ವೇರಿನಲ್ಲೇ ಎಣಿಸುತ್ತದೆ. ನಡುವೆ ವೈಫೈ ಕೂಗಿದರೆ, ಒಲೆಯ ಮೇಲೆ ಹಾಲಿಟ್ಟು ಬಾಗಿಲು ತೆರೆಯಲು ಓಡಿದವರ ಹಾಗೆ. ಒಂದೂವರೆ ಮೈಕ್ರೋಸೆಕೆಂಡಿನ ಕೆಲಸಕ್ಕೆ ಒಂದು ಮೈಕ್ರೋಸೆಕೆಂಡ್ ತಡವಾದರೆ ಇನ್ನೇನಾದೀತು?

ಆವರ್ತನವನ್ನು 250ಕ್ಕೆ ಇಳಿಸಿ, ಕನಿಷ್ಠ ಪವರ್ ಶೇಕಡಾ 1 ಇಟ್ಟೆ. ಮಿಡಿತ ಸುಮಾರು 46 ಮೈಕ್ರೋಸೆಕೆಂಡಿಗೆ ಹಿಗ್ಗಿತು, ನಡುಕ ಹೋಯಿತು. ಬೆಳಕು ಹೆಚ್ಚಾಯಿತು, ಮೊಬೈಲ್ ಕ್ಯಾಮೆರಾದಲ್ಲಿ ಪಟ್ಟೆ ಕಾಣುತ್ತದೆ. ಕಾಣಲಿ, ಅಮ್ಮ ದೀಪವನ್ನು ವಿಡಿಯೊ ಮಾಡುವುದಿಲ್ಲ.

“ಇನ್ನು ದೀಪ ದೊಡ್ಡದು ಮಾಡಪ್ಪ” ಎಂದರು ಅಮ್ಮ. ಆರಿಸು ಎನ್ನಬಾರದಲ್ಲ. ಆಫ್ ಒತ್ತಿದೆ. ಬೂದಿಯೊಳಗಿನ ಕೆಂಡದ ಹಾಗೆ ದೀಪ ಉರಿಯುತ್ತಲೇ ಇತ್ತು! ಕನಿಷ್ಠ ಶೇಕಡಾ 1 ಎಂದು ನಾನೇ ಅಪ್ಪಣೆ ಕೊಟ್ಟಿದ್ದೆ. ಸೊನ್ನೆಗೂ ಅದು ಅನ್ವಯಿಸಿತ್ತು. ಇಎಸ್‌ಪಿಹೋಮ್‌ನ ಸೆಟ್ಟಿಂಗಿನಲ್ಲಿ ‘ಝೀರೋ ಮೀನ್ಸ್ ಝೀರೋ’ ಎಂಬ ಸಾಲನ್ನು ‘ಟ್ರೂ’ ಮಾಡಿದ ಮೇಲೆ ಕತ್ತಲಾಯಿತು. ಸೊನ್ನೆ ಎಂದರೆ ಸೊನ್ನೆ ಎಂದು ಬರೆದುಕೊಡಬೇಕಾದ ಕಾಲ.

ಮುಂದೆ ಕನ್ನಡದಲ್ಲಿ ಹೇಳಿದ್ದನ್ನು ಕೇಳುವ ದೀಪ ಮಾಡಬೇಕೆಂದಿದ್ದೇನೆ. ‘ದೊಡ್ಡದು ಮಾಡು’ ಎಂದರೆ ಆರಿಸುವುದು ಎಂಬ ಪಾಠದಿಂದಲೇ ಶುರು, ಇಲ್ಲದಿದ್ದರೆ ಮಲಗುವ ಹೊತ್ತಿಗೆ ಶೇಕಡಾ ನೂರು. ಮೈಕ್ ಮಾಡ್ಯೂಲ್ ಮಾತ್ರ ಆ ಅಂಗಡಿಯಲ್ಲಿ ಕೊಳ್ಳುವುದಿಲ್ಲ.