ಗೇಟಿನಿಂದ ಗೇಟಿಗೆ ಎಷ್ಟು ಹೊತ್ತು?

ಕಾರ್ಕಳ ಕಡೆಯ ಒಂದು ಶಾಖಾ ಅಂಚೆ ಕಚೇರಿಯಲ್ಲಿ ಟಪಾಲು ಬಟವಾಡೆ ನನ್ನ ಕೆಲಸ. ಹುದ್ದೆ ಗ್ರಾಮೀಣ ಡಾಕ್ ಸೇವಕ, ಕಾಗದದ ಮೇಲೆ ದಿನಕ್ಕೆ 4 ಗಂಟೆ ದುಡಿಮೆ. ನಮ್ಮ ಸಂಬಳ, ಸೌಲಭ್ಯ ಪರಿಶೀಲಿಸಿದ ಕಮಲೇಶ್ ಚಂದ್ರ ಸಮಿತಿಯ ಶಿಫಾರಸು ಜಾರಿಯಾಗಬೇಕೆಂದು 2018ರ ಮೇ 22ರಿಂದ ದೇಶದ ಉದ್ದಗಲಕ್ಕೂ ನಾವು ಮುಷ್ಕರ ಕೂತದ್ದು ಹಲವರಿಗೆ ನೆನಪಿರಬಹುದು. ಜುಲೈ 1ರಿಂದ ಹೊಸ ಭತ್ಯೆ ಬಂತು. ಬಟವಾಡೆಯವರಿಗೆ 4 ಗಂಟೆಯಾದರೆ ತಿಂಗಳಿಗೆ ಮೂಲ 10,000, 5 ಗಂಟೆಯಾದರೆ 12,000 ರೂಪಾಯಿ. ನಡುವಿನ 2,000 ಯಾರಿಗೆ ಸಿಗುತ್ತದೆ ಎಂದು ತೀರ್ಮಾನಿಸುವುದು ಕೆಲಸದ ಹೊರೆಯ ಲೆಕ್ಕ. ನಮ್ಮ ಸಂಘದ ತಕರಾರು ಇರುವುದೂ ಆ ಲೆಕ್ಕದ ಮೇಲೆಯೇ.

ಘಟ್ಟದ ಮೇಲಿನ ಹಳ್ಳಿಗಳ ಹಾಗೆ ನಮ್ಮಲ್ಲಿ ಮನೆಗಳು ಬೀದಿಗೆ ಮುಖ ಮಾಡಿ ಸಾಲಾಗಿ ನಿಂತಿಲ್ಲ. ಒಂದು ಮನೆ ತೋಟದೊಳಗೆ, ಇನ್ನೊಂದು ಗದ್ದೆ ಬೈಲಿನ ಆಚೆ, ಮತ್ತೊಂದು ಗುಡ್ಡೆಯ ಮೇಲೆ. ಪೇಟೆಯ ಫ್ಲ್ಯಾಟಿನಲ್ಲಿ ಇಪ್ಪತ್ತು ಪತ್ರ ಕೊಡುವ ಹೊತ್ತಿಗೆ ಇಲ್ಲಿ ಎರಡು ಗೇಟು ದಾಟಿದರೆ ಪುಣ್ಯ. ಆಟಿ ತಿಂಗಳ ಮಳೆಯಲ್ಲಿ ಸಂಕದ (ತೋಡು ದಾಟುವ ಕಾಲುಸೇತುವೆ) ಮೇಲೆ ನೀರು ಹರಿದರೆ ಡಾಮರು ರಸ್ತೆ ಹಿಡಿದು ಸುತ್ತಿ ಹೋಗಬೇಕು. ಪಟ್ಟಿಯಲ್ಲಿ ಅದು ಆಗಲೂ ಒಂದೇ ಪತ್ರ.

ಮನೆಬಾಗಿಲಿಗೆ ಹಣ ಮುಟ್ಟಿಸುವ ಕೆಲಸವೂ ಈಗ ನಮ್ಮದೇ. ನನ್ನ ಬೀಟಿನಲ್ಲಿ, ಅಂದರೆ ನಾನು ಬಟವಾಡೆ ಮಾಡುವ ಊರುಗಳಲ್ಲಿ, ಬೀಡಿ ಕಟ್ಟಿಯೇ ಮಕ್ಕಳನ್ನು ಸಾಕಿದ ಅಜ್ಜಿಯಂದಿರು ಎಷ್ಟೋ ಮಂದಿ ಇದ್ದಾರೆ. ಅವರ ಬೆರಳ ಗೆರೆ ಸವೆದುಹೋಗಿದೆ, ಹಣ ಕೊಡಲು ಬೆರಳಚ್ಚು ಹಿಡಿಯುವ ಯಂತ್ರ ಒಪ್ಪುವುದಿಲ್ಲ. "ಇನ್ನೊಂದು ಬೆರಳು ಇಡಿ ಅಜ್ಜಿ" ಅಂದರೆ, "ಎಂಥ ಮಗಾ, ನನ್ನ ಕೈ ನಂದೇ ಅಲ್ವಾ?" ಅಂತ ಕೇಳುತ್ತಾರೆ. ಕೈ ಒರೆಸಿ, ನೆಟ್‌ವರ್ಕ್ ಹುಡುಕಿಕೊಂಡು ಅಂಗಳಕ್ಕೆ ಬಂದು ಮತ್ತೆ ಒತ್ತಿಸಬೇಕು. ಅಷ್ಟು ಮಾಡಿಯೂ ಆಗದಿದ್ದರೆ ಹೇಗೆ ತೋರಿಸುವುದು? ಆಗದೇ ಹೋದ ಕೆಲಸಕ್ಕೆ ಲೆಕ್ಕದಲ್ಲಿ ಜಾಗವೇ ಇಲ್ಲ.

ಇದೆಲ್ಲ ಗೊತ್ತಿದ್ದೂ ತಪ್ಪಿದ್ದು ನಾನೇ. ಹೊರೆಯ ಲೆಕ್ಕ ನಡೆದದ್ದು ಬೇಸಿಗೆಯಲ್ಲಿ. ಬೈಲು ಒಣಗಿ ಬೈಕು ಅಡ್ಡಕ್ಕೆ ಹೋಗುವ ಕಾಲ ಅದು. ನಾನು ಆ ಒಳದಾರಿಯ ಕಿಲೋಮೀಟರನ್ನೇ ಹೇಳಿದೆ, ಅದನ್ನೇ ಬರೆದುಕೊಂಡರು. ಗೊಣಗುವವ ಅನ್ನಿಸಿಕೊಳ್ಳಬಾರದೆಂದು ಓದದೆ ಸಹಿ ಹಾಕಿದೆ. ಆಮೇಲೆ ಉಡುಪಿಯಲ್ಲಿ ಸಂಘದ ಸಭೆಯಲ್ಲಿ ಎದ್ದು ನಿಂತು ಕೆಲಸ ಜಾಸ್ತಿ ಆಯ್ತು ಅಂದಾಗ ಹಿರಿಯರೊಬ್ಬರು ಕೇಳಿದರು: "ಎಷ್ಟು ದಿನ, ಎಷ್ಟು ಹೊತ್ತು? ಬರೆದಿಟ್ಟದ್ದು ಉಂಟಾ?" ನನ್ನ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಕೂತುಬಿಟ್ಟೆ.

ಅವತ್ತಿನಿಂದ ಚೀಲದಲ್ಲಿ ನೂರು ಪುಟದ ಪುಸ್ತಕ ಇದೆ. ಹೊರಟ ಹೊತ್ತು, ವಾಪಸು ಬಂದ ಹೊತ್ತು, ಬೈಕಿನ ಮೀಟರು, ಎಷ್ಟು ಮನೆ, ಬೀಗ ಹಾಕಿದ್ದರಿಂದ ಎರಡನೇ ಸಲ ಹೋದದ್ದು ಎಷ್ಟು, ಬೆರಳು ಹಿಡಿಯದೆ ಹಿಂತಿರುಗಿದ್ದು ಎಷ್ಟು. ಮಳೆ ಬಂದ ದಿನದ ಎದುರು ಒಂದು ಗುರುತು. ಜುಲೈ ಪುಟಗಳಲ್ಲಿ ಶಾಯಿ ಕದಡಿತು, ಪೆನ್ಸಿಲಿಗೆ ಬದಲಾಯಿಸಿದೆ. ಮರು ಲೆಕ್ಕ ಕೇಳಿ ಕೊಟ್ಟ ಅರ್ಜಿಯ ಜೊತೆ ಮೂರು ತಿಂಗಳ ಪ್ರತಿ ಲಗತ್ತಿಸಿದ್ದೇನೆ. ಉತ್ತರ ಬಂದಿಲ್ಲ, ಬರೆಯುವುದನ್ನು ನಿಲ್ಲಿಸಿಯೂ ಇಲ್ಲ.

ಪಕ್ಕದ ಬೀಟಿಗೆ ಹೊಸದಾಗಿ ಬಂದ ಹುಡುಗಿ ಮೊನ್ನೆ ಕೇಳಿದಳು: "ಅಣ್ಣ, ಇದರಲ್ಲಿ ಮೊದಲು ಎಂಥ ಬರೆಯುವುದು?" ಗೇಟಿನಿಂದ ಗೇಟಿಗೆ ಎಷ್ಟು ಹೊತ್ತಾಯಿತು, ಅದನ್ನು ಬರಿ ಅಂದೆ.