ಕಂಪನಿ ನಾಟಕದಲ್ಲಿ ಅಂಥದ್ದೇನಿದೆ ಎಂದು ಕೇಳುವವರಿಗೆ

ಬನದ ಹುಣ್ಣಿಮೆ, ಅಂದರೆ ಬಾದಾಮಿ ಬನಶಂಕರಿಯ ಜಾತ್ರೆ, ಹತ್ತಿರ ಬಂತು, ನಾನು ರಜೆ ಕೇಳಿದೆ ಅಂದರೆ ಈ ಪ್ರಶ್ನೆ ಬಂದೇ ಬರುತ್ತದೆ: “ಬೆಂಗಳೂರಲ್ಲೇ ಇಷ್ಟೊಂದು ನಾಟಕ ನಡೀತಿರುವಾಗ ಬಾದಾಮಿ ತನಕ ಹೋಗಿ ಜಾತ್ರೆಯ ಕಂಪನಿ ನಾಟಕ ನೋಡ್ತೀರಲ್ಲ, ಅಂಥದ್ದೇನಿದೆ ಅದರಲ್ಲಿ? ಬರೀ ಡಬಲ್ ಮೀನಿಂಗ್ ತಾನೆ?” ಕಂಪನಿ ನಾಟಕ ಅಂದರೆ ಊರೂರಿಗೆ ಹೋಗಿ, ತಗಡಿನ ಥೇಟರ್ ಕಟ್ಟಿ, ಟಿಕೆಟ್ ಇಟ್ಟು ಆಡುವ ವೃತ್ತಿ ಕಂಪನಿಗಳ ನಾಟಕ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಡಬಲ್ ಮೀನಿಂಗ್ ಇದೆ. ನಾಟಕದ ಹೆಸರಲ್ಲೇ ಇರುತ್ತದೆ, ಹಾಸ್ಯಗಾರನ ಬಾಯಲ್ಲಂತೂ ಇದ್ದೇ ಇರುತ್ತದೆ. ಕೆಲವು ಮಾತಿಗೆ ನನಗೂ ನಗು ಬರುವುದಿಲ್ಲ, ಸಿಟ್ಟು ಬರುತ್ತದೆ. ಆದರೆ ಅಂಥದೇ ಮಾತು ತುಂಬಿದ ಸಿನಿಮಾವನ್ನು ಮಾಲ್‌ನಲ್ಲಿ ಮಕ್ಕಳ ಜೊತೆ ಕೂತು ನೋಡಿ ಬರುವವರು ತಗಡಿನ ಥೇಟರಿನ ಹೆಸರೆತ್ತಿದರೆ ಮಾತ್ರ ಮುಖ ಕಿವುಚುತ್ತಾರೆ. ನೋಡದೆಯೇ ಉತ್ತರ ಸಿದ್ಧ ಮಾಡಿಕೊಂಡು ಬಂದವರಿಗೆ ನಾನು ಏನು ಹೇಳಲಿ?

ಹೋದ ಸಲ ಒಂದು ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ ಹಿರಿಯರೊಬ್ಬರು, “ಹೆಣ್ಣುಮಕ್ಕಳು ನೋಡೋ ಹಾಗಿರುತ್ತೇನಮ್ಮಾ ಅದು?” ಎಂದು ಎಲ್ಲರಿಗೂ ಕೇಳುವಂತೆ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ನಮ್ಮ ಚಿಗವ್ವ (ಚಿಕ್ಕಮ್ಮ), “ನೀವೂ ಬರ್ರಿ ಒಮ್ಮಿ, ನಿಮ್ಮ ಮನಿಯವ್ರನ್ನೂ ಕರಕೊಂಡು ಬರ್ರಿ. ಮುಂದ ಕುಂತಾವ್ರೆಲ್ಲಾ ನಾವ ಹೆಣ್ಮಕ್ಕಳ ಅದೀವಿ, ಜಾಗಾ ಹಿಡೀತೀನಿ,” ಅಂದಳು. ಅವರು ಹೋಳಿಗೆ ಕಡೆ ನೋಡಿದರು. ಚಿಗವ್ವ ಬಿಡಲಿಲ್ಲ, ಊಟ ಮುಗಿಯುವ ತನಕ ಅವರಿಗೆ ಹಿಂದಿನ ವರ್ಷದ ಆಟದ ಕಥೆ ಪೂರ್ತಿ ಹೇಳಿದಳು, ತಾಯಿ ಮಗನನ್ನು ಮನೆಯಿಂದ ಹೊರಗೆ ಹಾಕುವ ಸೀನು ಬಂದಾಗ ಅತ್ತೂಬಿಟ್ಟಳು. ಆ ಹಿರಿಯರೂ ಕೈ ತೊಳೆಯದೆ ಕೇಳುತ್ತಾ ಕೂತರು.

ನಾನು ನಾಟಕಕ್ಕೆ ಅಂತ ಮಾತ್ರ ಹೋಗುವುದೂ ಅಲ್ಲ. ದಿನ ಪೂರ್ತಿ ಬೇಕು ನನಗೆ. ಬಾದಾಮಿಯಿಂದ ಬನಶಂಕರಿಗೆ 5 ಕಿಲೋಮೀಟರ್. ಬೆಳಿಗ್ಗೆ ದರ್ಶನ ಮಾಡಿ ಹರಿದ್ರಾ ತೀರ್ಥದ ಬದಿಗೆ ಬಂದರೆ ಸುತ್ತಲಿನ ಹಳ್ಳಿಯ ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ಖಡಕ್ ರೊಟ್ಟಿ, ಮಡಕಿಕಾಳ ಪಲ್ಯ, ಗುರೆಳ್ಳು ಚಟ್ನಿ, ಕೆಂಪು ಖಾರ, ಮಣ್ಣಿನ ಗಡಿಗೆಯಲ್ಲಿ ಗಟ್ಟಿ ಮೊಸರು. ಅಲ್ಲಿನ ದೇವಿ ಶಾಕಾಂಭರಿ. ತೇರಿನ ಹಿಂದಿನ ದಿನ ಪಲ್ಲೇದ ಹಬ್ಬಕ್ಕೆ 108 ಬಗೆಯ ಕಾಯಿಪಲ್ಯದ ನೈವೇದ್ಯ ಆಗುತ್ತದೆ. ಅಂಥ ದೇವಿಯ ಅಂಗಳದಲ್ಲಿ ಊಟ ಕೆಡಲು ಸಾಧ್ಯವೇ? ಉಂಡು, ಬೇವಿನ ನೆರಳಲ್ಲಿ ಒಂದು ನಿದ್ದೆ. ಆಮೇಲೆ ಬಾದಾಮಿಗೆ ಹೋಗಿ ಒಂದು ಮ್ಯಾಟನಿ ಸಿನಿಮಾ. ಚಿಕ್ಕವಳಿದ್ದಾಗ ಅದಕ್ಕೂ ಊರಿಗೆ ಹೋಗಬೇಕಿರಲಿಲ್ಲ, ಟೂರಿಂಗ್ ಟಾಕೀಸಿನ ಟೆಂಟು ಜಾತ್ರೆಯಲ್ಲೇ ಇರುತ್ತಿತ್ತು. ಕತ್ತಲಾಗುವಷ್ಟರಲ್ಲಿ ಮತ್ತೆ ಜಾತ್ರೆಗೆ, ನಾಟಕಕ್ಕೆ.

ಸಿನಿಮಾ ದೊಡ್ಡದು, ಕಂಪನಿ ನಾಟಕ ಸಣ್ಣದು ಅನ್ನುವವರಿಗೆ ಒಂದು ಮಾತು. ರಾಜ್‌ಕುಮಾರ್ ಬಂದದ್ದು ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಿಂದ. 1954ರಲ್ಲಿ ಅವರು ನಾಯಕರಾದ ‘ಬೇಡರ ಕಣ್ಣಪ್ಪ’ ಮೊದಲು ಕಂಪನಿ ನಾಟಕ. 1974ರ ‘ಸಂಪತ್ತಿಗೆ ಸವಾಲ್’ ನಮ್ಮ ಕಡೆಯ ಪಿ.ಬಿ. ಧುತ್ತರಗಿ ಬರೆದ ನಾಟಕ. ಸಿನಿಮಾ ಆಗುವ ಮೊದಲೇ ಉತ್ತರ ಕರ್ನಾಟಕದ ಜನ ಅದನ್ನು ರಂಗದ ಮೇಲೆ ನೋಡಿ ಮಾತು ಬಾಯಿಪಾಠ ಮಾಡಿದ್ದರು. ರಾಜ್‌ಕುಮಾರ್ ಫೋಟೋಗೆ ಹಾರ ಹಾಕುವ ಮನೆಯಲ್ಲೇ ಕಂಪನಿ ನಾಟಕ ಅಂದರೆ ಹಗುರ ಮಾತು ಬಂದಾಗ ನನಗೆ ನಿಜಕ್ಕೂ ನೋವಾಗುತ್ತದೆ.

ಯಾರೂ ಕೇಳದ ಪ್ರಶ್ನೆಯೊಂದಿದೆ. ಜಾತ್ರೆಯಲ್ಲಿ ದಿನಕ್ಕೆ ಎರಡು ಮೂರು ಆಟ. ಅದೇ ನಾಟಕ, ಅದೇ ನಾಯಕಿ. ಸಂಜೆಯ ಆಟದಲ್ಲಿ ಎದೆ ಬಡಿದುಕೊಂಡು ಅತ್ತವಳು ರಾತ್ರಿ ಹತ್ತರ ಆಟದಲ್ಲೂ ಹಾಗೇ ಅಳುವುದು ಹೇಗೆ? ಇದನ್ನು ಕೇಳಿ ನನ್ನನ್ನು, ರಾತ್ರಿಯಿಡೀ ಹೇಳುತ್ತೇನೆ. ಒಮ್ಮೆ ಚಿಗವ್ವನ ಜೊತೆ ಪರದೆಯ ಹಿಂದೆ ಹೋಗಿದ್ದೆ. ನಾಯಕಿ ಬಣ್ಣದ ಮುಖದಲ್ಲೇ ಟ್ರಂಕಿನ ಮೇಲೆ ಕೂತು ಮಗಳಿಗೆ ಅನ್ನ ಉಣ್ಣಿಸುತ್ತಿದ್ದಳು. ದನಿ ಒಡೆದಿತ್ತು. ಮುಂದಿನ ಆಟಕ್ಕೆ ಹೇಗೆ ಅಂದೆ. “ಬಿಸಿನೀರು ಕುಡೀತೀನ್ರಿ. ಈಗ ಬರೋ ಮಂದಿ ಹೊಸಬ್ರಲ್ರಿ, ಅವರಿಗಿದು ಮೊದಲನೇ ಆಟ,” ಅಂದಳು. ಹತ್ತು ನಿಮಿಷಕ್ಕೆ ಹಾರ್ಮೋನಿಯಂ ಶುರುವಾಯಿತು. ಆಕೆ ಹಾಡಿದಳು, ಕಟ್ಟಕಡೆಗೆ ನೆಲದ ಮೇಲೆ ಕೂತವರಿಗೂ ಕೇಳುವಂತೆ. ಜನ ಒನ್ಸ್ ಮೋರ್ ಅಂದರು. ಮತ್ತೆ ಹಾಡಿದಳು.

ಕಂಪನಿಗಳಿಗೆ ಈ ಜಾತ್ರೆಯೇ ಸುಗ್ಗಿ. ಉಳಿದ ಊರುಗಳ ಕ್ಯಾಂಪುಗಳಲ್ಲಿ ಮೈಗೆ ಹತ್ತಿಸಿಕೊಂಡ ಸಾಲವನ್ನು ಇಲ್ಲಿನ ಗೇಟ್ ಕಲೆಕ್ಷನ್ನಿನಿಂದಲೇ ತೀರಿಸಬೇಕು. ಕೊರೋನಾ ಕಾಲದಲ್ಲಿ ಜಾತ್ರೆ ನಿಂತಾಗ ಎಷ್ಟೋ ಕಲಾವಿದರು ಕೂಲಿಗೆ ಹೋದರು. ಮುಂದಿನ ಸಾಲು ತುಂಬಲಿ ಎಂದು ಮಾಲೀಕರು ಹಾಸ್ಯಗಾರನಿಗೆ ಇನ್ನಷ್ಟು ಸಡಿಲ ಬಿಡುತ್ತಾರೆ, ಅದು ನನಗೂ ಇಷ್ಟವಿಲ್ಲ. ಒಳ್ಳೆಯ ನಾಟಕ ಬೇಕು ಅನ್ನುವವರು ಟಿಕೆಟ್ ತೆಗೆದುಕೊಂಡು ಒಳಗೆ ಬಂದು ಕೂರದಿದ್ದರೆ ಮಾಲೀಕರು ಯಾರ ಮಾತು ಕೇಳಬೇಕು?

ಬರುವವರಿದ್ದರೆ ಹೇಳಿಬಿಡುತ್ತೇನೆ. ತೇರಿನ ದಿನ ಬೇಡ, ಕಾಲಿಡಲು ಜಾಗವಿರುವುದಿಲ್ಲ. ಅದಾಗಿ ಮೂರು ನಾಲ್ಕು ದಿನ ಬಿಟ್ಟು ಬನ್ನಿ. ರೊಟ್ಟಿ ಬುಟ್ಟಿ ಮಧ್ಯಾಹ್ನಕ್ಕೇ ಖಾಲಿಯಾಗುತ್ತದೆ. ರಾತ್ರಿ ಹತ್ತರ ಆಟವನ್ನೇ ನೋಡಿ, ತಗಡಿನ ಕೆಳಗೆ ಚಳಿ ಜಾಸ್ತಿ, ಒಂದು ಚಾದರ ತನ್ನಿ. ಜಾಗ ಚಿಗವ್ವ ಹಿಡಿದಿರುತ್ತಾಳೆ.